ಮಾತು ಒಂದು ಭಾಷೆಯಲ್ಲಿ, ಸಹಿ ಇನ್ನೊಂದು ಭಾಷೆಯಲ್ಲಿ: ಗಡಿನಾಡಿನ ಟ್ರ್ಯಾಕ್ಟರ್ ಸಾಲ ಮತ್ತು ಅದರೊಳಗಿನ ಮರೆವೆಚ್ಚಗಳು

ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳ ಕನ್ನಡಿಗ ರೈತನೊಬ್ಬ ಹೊಸ ಟ್ರ್ಯಾಕ್ಟರ್ ಕೊಳ್ಳುವಾಗ ವ್ಯವಹಾರದ ಮಾತೆಲ್ಲ ಸಾಮಾನ್ಯವಾಗಿ ಕನ್ನಡದಲ್ಲಿಯೇ ನಡೆಯುತ್ತದೆ. ಅಂಗಡಿಯ ಹುಡುಗ ಅವನನ್ನು ‘ಕಾಕಾ’ ಎಂದು ಕರೆದು ಕೂರಿಸುತ್ತಾನೆ. ಯಂತ್ರದ ಅಶ್ವಶಕ್ತಿ, ಡೀಸೆಲ್ ಖರ್ಚು, ಕಂತಿನ ಮೊತ್ತ ಎಲ್ಲವನ್ನೂ ಊರ ಮಾತಿನಲ್ಲಿ ವಿವರಿಸುತ್ತಾನೆ. ಆದರೆ ಸಹಿಗಾಗಿ ಮುಂದಿಡುವ ಕಾಗದಗಳ ಕಟ್ಟು ಇಂಗ್ಲಿಷಿನಲ್ಲಿ ಇಲ್ಲವೇ ಮರಾಠಿಯಲ್ಲಿರುತ್ತದೆ. ನ್ಯಾಯಾಲಯದ ಮುಂದೆ ನಿಲ್ಲುವುದು ಕಾಗದವೇ ಹೊರತು ಮಾತಲ್ಲ. ಟ್ರ್ಯಾಕ್ಟರ್ ಸಾಲದ ಮರೆವೆಚ್ಚಗಳು ಎಲ್ಲ ಭಾಷೆಯ ರೈತರನ್ನೂ ಕಾಡುತ್ತವೆ ಎಂಬುದು ನಿಜ. ಆದರೆ ಮಾತಿನ ಭಾಷೆಯೂ ಕಾಗದದ ಭಾಷೆಯೂ ಬೇರೆಯಾದಲ್ಲಿ ಅವು ಅಡಗಿಕೊಳ್ಳಲು ಹೆಚ್ಚಿನ ತಾವು ದೊರೆಯುತ್ತದೆ.

ಈ ಲೇಖನದ ಉದ್ದೇಶ ಎರಡು. ಟ್ರ್ಯಾಕ್ಟರ್ ಸಾಲದಲ್ಲಿ ವೆಚ್ಚಗಳು ಎಲ್ಲೆಲ್ಲಿ ಅಡಗುತ್ತವೆ ಎಂಬುದನ್ನು ಲೆಕ್ಕಸಹಿತ ತೋರಿಸುವುದು ಮೊದಲನೆಯದು. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆಯಲ್ಲಿ ನಾವು ಅಷ್ಟಾಗಿ ಗಮನಿಸದ ಒಂದು ನಿಯಮವು ಸಾಲದ ಕಾಗದಗಳ ವಿಷಯದಲ್ಲಿ ಈಗಾಗಲೇ ಜಾರಿಯಲ್ಲಿದೆ ಎಂಬುದನ್ನು ವಿದ್ವಾಂಸರ ಗಮನಕ್ಕೆ ತರುವುದು ಎರಡನೆಯದು.

ಬೆಲೆಪಟ್ಟಿಯ ಸಾಲುಗಳು

ಮೊದಲ ಕಾಗದ ಡೀಲರ್ ಕೊಡುವ ಕೊಟೇಶನ್. ಸಾಲದ ಮೊತ್ತ ನಿರ್ಧಾರವಾಗುವುದು ಇದರ ಆಧಾರದ ಮೇಲೆ. 2025ರ ಸೆಪ್ಟೆಂಬರ್ 22ರಿಂದ ಕೃಷಿ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ತೆರಿಗೆ ಹೊರತುಪಡಿಸಿ 7,00,000 ರೂಪಾಯಿ ಬೆಲೆಯ ಟ್ರ್ಯಾಕ್ಟರಿಗೆ ಹಿಂದೆ 84,000 ರೂಪಾಯಿ ತೆರಿಗೆ ಬೀಳುತ್ತಿತ್ತು. ಈಗ ಬೀಳುವುದು 35,000. ಅಂದರೆ ತೆರಿಗೆಸಹಿತ ಬೆಲೆ 7,35,000 ರೂಪಾಯಿ. ಆದರೂ ಕೊಟೇಶನ್ನಿನ ಕೊನೆಯ ಸಾಲಿನಲ್ಲಿ 8,00,000 ಎಂದು ಬರೆದಿರಬಹುದು. ನಡುವಿನ 65,000 ರೂಪಾಯಿ ಎಲ್ಲಿ ಸೇರಿತು ಎಂದು ನೋಡಬೇಕು. ಉದಾಹರಣೆಗೆಂದು ಅದನ್ನು ಹೀಗೆ ಹಂಚಿಕೊಳ್ಳೋಣ: ನೋಂದಣಿ ಖರ್ಚು 22,000, ವಿಮೆ 18,000, ಹುಕ್ಕು, ಬಂಪರ್, ಹುಡ್ ಮೊದಲಾದ ಬಿಡಿ ಸಲಕರಣೆ 20,000, ‘ಹ್ಯಾಂಡ್ಲಿಂಗ್’ 5,000.

ಈ ನಾಲ್ಕೂ ಒಂದೇ ಜಾತಿಯವಲ್ಲ. ನೋಂದಣಿ ಕಾನೂನಿನ ಅಗತ್ಯ. ಆದರೆ ಸರ್ಕಾರಕ್ಕೆ ಸಲ್ಲುವ ಶುಲ್ಕಕ್ಕೆ ರಸೀದಿ ಇದೆ, ಮಧ್ಯವರ್ತಿಯ ಕೂಲಿಗೆ ಇಲ್ಲ. ‘ಆರ್‌ಟಿಒ ಖರ್ಚು’ ಎಂಬ ಒಂದೇ ಸಾಲಿನಲ್ಲಿ ಎರಡನ್ನೂ ಬೆಸೆದರೆ ಎಷ್ಟು ಯಾರಿಗೆ ಹೋಯಿತೆಂಬುದು ತಿಳಿಯುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೆಯ ಕಲಮಿನಂತೆ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯ. ಆದರೆ ಅದನ್ನು ಡೀಲರ್ ಸೂಚಿಸಿದ ಕಂಪನಿಯಿಂದಲೇ ಪಡೆಯಬೇಕೆಂಬ ಕಡ್ಡಾಯವಿಲ್ಲ. ಬಿಡಿ ಸಲಕರಣೆ ರೈತನ ಆಯ್ಕೆ. ‘ಹ್ಯಾಂಡ್ಲಿಂಗ್’ ಎಂಬುದಕ್ಕೆ ಮಾತ್ರ ಕಾನೂನಿನಲ್ಲಿ ಯಾವ ಆಧಾರವೂ ಇಲ್ಲ. ಮಾರಲೆಂದೇ ತರಿಸಿದ ಯಂತ್ರವನ್ನು ಅಂಗಡಿಯಲ್ಲಿ ಇಳಿಸಿಕೊಳ್ಳುವುದು ಮಾರುವವನ ಕೆಲಸ.

ಗಡಿಯ ರೈತನಿಗೆ ಇಲ್ಲಿ ಇನ್ನೊಂದು ತೊಡಕಿದೆ. ಜತ್ತಿನವನಿಗೆ ಅಥಣಿ, ವಿಜಯಪುರಗಳು ಹತ್ತಿರ. ಅಲ್ಲಿ ಕನ್ನಡದ ಕಾಗದವೂ ದೊರೆಯಬಹುದು. ಆದರೆ ವಾಹನವನ್ನು ಒಡೆಯನ ವಾಸ ಅಥವಾ ವಾಹನ ಇರಿಸುವ ಸ್ಥಳ ಯಾವ ರಾಜ್ಯದಲ್ಲಿದೆಯೋ ಅಲ್ಲಿಯೇ ನೋಂದಾಯಿಸಬೇಕಾಗುತ್ತದೆ. ಕರ್ನಾಟಕದಲ್ಲಿ ಕೊಂಡರೆ ತಾತ್ಕಾಲಿಕ ನೋಂದಣಿ ಪಡೆದು ಮಹಾರಾಷ್ಟ್ರಕ್ಕೆ ತಂದು ಅಲ್ಲಿ ಮತ್ತೆ ನೋಂದಾಯಿಸಬೇಕು. ಎರಡು ಕಚೇರಿಗಳೆಂದರೆ ಎರಡು ಮಧ್ಯವರ್ತಿ ಕೂಲಿಗಳು. ಕನ್ನಡದ ಕಾಗದ ಬೇಕೆಂದು ಗಡಿ ದಾಟುವವನು ಅದಕ್ಕೊಂದು ಬೆಲೆ ತೆರುತ್ತಾನೆ.

ಶೇ. 10 ಎಂಬ ಮಾತಿನೊಳಗೆ

ಎರಡನೆಯ ಕಾಗದ ಸಾಲದ್ದು. ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಎಂಟು ಲಕ್ಷದಲ್ಲಿ ರೈತ ಎರಡು ಲಕ್ಷ ತನ್ನ ಕೈಯಿಂದ ಕಟ್ಟಿ, ಆರು ಲಕ್ಷ ಸಾಲ ಪಡೆಯುತ್ತಾನೆ. ಅವಧಿ ಐದು ವರ್ಷ. ಬೆಳೆ ಕೈಗೆ ಬರುವ ಕಾಲವನ್ನು ಗಮನಿಸಿ ಆರು ತಿಂಗಳಿಗೊಂದರಂತೆ ಹತ್ತು ಕಂತು. ಬಡ್ಡಿ ‘ಫ್ಲ್ಯಾಟ್ ಶೇ. 10’ ಎಂದು ಅಂಗಡಿಯಲ್ಲಿ ಹೇಳಲಾಗುತ್ತದೆ.

ಫ್ಲ್ಯಾಟ್ ಎಂದರೆ ಐದೂ ವರ್ಷ ಪೂರ್ತಿ ಆರು ಲಕ್ಷದ ಮೇಲೆಯೇ ಬಡ್ಡಿ ಎಣಿಸುವುದು. ವರ್ಷಕ್ಕೆ 60,000ದಂತೆ ಮೂರು ಲಕ್ಷ ಬಡ್ಡಿ, ಅಸಲು ಸೇರಿ ಒಂಬತ್ತು ಲಕ್ಷ, ಕಂತು 90,000. ಆದರೆ ಪ್ರತಿ ಕಂತಿನಲ್ಲಿಯೂ ರೈತ ಅಸಲಿನ ಒಂದು ಭಾಗವನ್ನು ತೀರಿಸುತ್ತಲೇ ಇರುತ್ತಾನೆ. ಕೊನೆಯ ವರ್ಷ ಅವನ ಬಳಿ ಉಳಿದ ಸಾಲ ಸ್ವಲ್ಪ. ಬಡ್ಡಿ ಮಾತ್ರ ಪೂರ್ತಿ ಆರು ಲಕ್ಷಕ್ಕೆ. ಇಳಿಯುವ ಬಾಕಿಯ ಮೇಲೆ ಶೇ. 10ರಂತೆ ನಿಜವಾಗಿ ಎಣಿಸಿದ್ದರೆ ಕಂತು ಸುಮಾರು 77,700 ರೂಪಾಯಿ ಆಗುತ್ತಿತ್ತು. ಒಟ್ಟು ಬಡ್ಡಿ ಸುಮಾರು 1,77,000. ಅಂದರೆ ‘ಫ್ಲ್ಯಾಟ್’ ಎಂಬ ಒಂದು ಪದದ ಬೆಲೆ ಐದು ವರ್ಷಗಳಲ್ಲಿ ಸುಮಾರು 1,23,000 ರೂಪಾಯಿ. ಇಳಿಯುವ ಬಾಕಿಯ ಲೆಕ್ಕಕ್ಕೆ ತಿರುಗಿಸಿದರೆ ಈ ಸಾಲದ ವಾರ್ಷಿಕ ಬಡ್ಡಿ ಶೇ. 10 ಅಲ್ಲ, ಶೇ. 16.3ರಷ್ಟು.

ಇನ್ನು ಸಾಲ ಬಿಡುಗಡೆಯಾಗುವಾಗಲೇ ಕಡಿದುಕೊಳ್ಳುವ ಅಥವಾ ನಗದಾಗಿ ಪಡೆಯುವ ವೆಚ್ಚಗಳು. ಸಂಸ್ಕರಣಾ ಶುಲ್ಕ ಶೇ. 2 ಎಂದರೆ 12,000. ಅದರ ಮೇಲೆ ಶೇ. 18 ಜಿಎಸ್‌ಟಿ 2,160. ದಾಖಲೆ ಮತ್ತು ಮುದ್ರಾಂಕದ ಹೆಸರಿನಲ್ಲಿ 4,840 ಎಂದುಕೊಳ್ಳೋಣ. ಸಾಲಗಾರ ತೀರಿಕೊಂಡರೆ ಸಾಲ ತೀರಿಸುವ ಜೀವವಿಮೆಯೆಂದು 15,000. ಒಟ್ಟು 34,000. ಕಾಗದದಲ್ಲಿ ಸಾಲ ಆರು ಲಕ್ಷ. ರೈತನ ಪಾಲಿಗೆ ನಿಜವಾಗಿ ಒದಗಿದ್ದು 5,66,000. ತೀರಿಸಬೇಕಾದದ್ದು ಆ ಹತ್ತು ಕಂತುಗಳೇ. ಈಗ ವಾರ್ಷಿಕ ದರ ಶೇ. 18.9ಕ್ಕೆ ಏರುತ್ತದೆ.

ಕೊನೆಯದಾಗಿ ‘ಅಡ್ವಾನ್ಸ್ ಕಂತು’. ಮೊದಲ ಕಂತನ್ನು ಸಾಲ ಕೊಡುವ ದಿನವೇ ಪಡೆಯುವುದು ಮೇಲುನೋಟಕ್ಕೆ ನಿರಪಾಯವೆನಿಸುತ್ತದೆ. ಹೇಗೂ ಕಟ್ಟಬೇಕಾದ ಹಣವಲ್ಲವೇ? ಆದರೆ ಹಾಗೆ ಮಾಡಿದಾಗ ರೈತನ ಕೈಗೆ ಬಂದಂತಾಗುವುದು 4,76,000. ಮುಂದೆ ಒಂಬತ್ತು ಕಂತುಗಳಲ್ಲಿ ಅವನು ಕಟ್ಟುವುದು 8,10,000. ಲೆಕ್ಕ ಹಾಕಿದರೆ ವಾರ್ಷಿಕ ದರ ಶೇ. 24.4. ಅಂಗಡಿಯಲ್ಲಿ ಕನ್ನಡದಲ್ಲಿ ಹೇಳಿದ ‘ಹತ್ತು’ ಕಾಗದ ಮುಗಿಯುವಷ್ಟರಲ್ಲಿ ಇಪ್ಪತ್ತನಾಲ್ಕು ದಾಟಿತು. ಇಷ್ಟರಲ್ಲಿ ಯಾರೂ ನೇರವಾಗಿ ಸುಳ್ಳು ಹೇಳಲಿಲ್ಲ ಎಂಬುದೇ ಗಮನಿಸಬೇಕಾದ ಅಂಶ. ಪ್ರತಿಯೊಂದು ಅಂಶವೂ ಎಲ್ಲೋ ಒಂದು ಪುಟದಲ್ಲಿ ಬರೆದಿರುತ್ತದೆ. ಎಲ್ಲವನ್ನೂ ಕೂಡಿಸಿದ ಒಂದು ಸಂಖ್ಯೆ ಮಾತ್ರ ಮಾತಿನಲ್ಲಿ ಬರುವುದಿಲ್ಲ.

ವ್ಯಾಜ, ತಾರಣ, ಆಕಾರಣೆ

ಗಡಿನಾಡಿನ ಕನ್ನಡಿಗನಿಗೆ ಮರಾಠಿ ತಿಳಿಯದೆ ಇರುತ್ತದೆಯೇ ಎಂದು ಕೇಳಬಹುದು. ಸಂತೆಯ ಮರಾಠಿ ತಿಳಿದೇ ಇರುತ್ತದೆ. ಆದರೆ ಸಂತೆಯಲ್ಲಿ ಆಡುವ ಭಾಷೆ ಬೇರೆ, ಕರಾರುಪತ್ರದಲ್ಲಿ ಓದುವ ಭಾಷೆ ಬೇರೆ. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಎರಡನೆಯದರ ಪರಿಚಯ ಕಡಿಮೆ. ಅದರ ಜೊತೆಗೆ, ಹಣಕಾಸಿನ ಪದಗಳಲ್ಲಿ ಕನ್ನಡ ಮರಾಠಿಗಳ ಸಂಬಂಧ ವಿಚಿತ್ರವಾದುದು: ರೂಪ ಒಂದೇ, ಅರ್ಥ ಬೇರೆ.

ಮರಾಠಿಯ ‘ವ್ಯಾಜ’ ಎಂದರೆ ಬಡ್ಡಿ. ನಮ್ಮ ಸಾಹಿತ್ಯಿಕ ಕನ್ನಡದಲ್ಲಿ ವ್ಯಾಜ ಎಂದರೆ ನೆಪ, ಆಡುಮಾತಿನಲ್ಲಿ ಹತ್ತಿರದ ಪದ ವ್ಯಾಜ್ಯ, ಅಂದರೆ ತಂಟೆ. ಮರಾಠಿಯ ‘ತಾರಣ’ ಸಾಲಕ್ಕೆ ಕೊಟ್ಟ ಭದ್ರತೆ. ಕನ್ನಡದಲ್ಲಿ ತಾರಣ ಎಂದರೆ ದಾಟಿಸುವುದು, ಪಾರುಮಾಡುವುದು. ತನ್ನ ಯಂತ್ರವನ್ನು ಇನ್ನೊಬ್ಬರ ಹಿಡಿತಕ್ಕೆ ಒಪ್ಪಿಸುವ ಪದ, ನಮ್ಮ ಕಿವಿಗೆ ಬಿಡುಗಡೆಯ ಪದದಂತೆ ಕೇಳುತ್ತದೆ. ‘ಆಕಾರಣೆ’ ಶುಲ್ಕ ವಿಧಿಸುವಿಕೆ; ಕನ್ನಡದ ಆಕಾರಕ್ಕೂ ಅದಕ್ಕೂ ಸಂಬಂಧ ಕಾಣದು. ‘ಹಪ್ತಾ’ ಅಲ್ಲಿ ಕಂತು. ಕನ್ನಡ ಪತ್ರಿಕೆಗಳ ಓದುಗನಿಗೆ ಹಫ್ತಾ ಎಂದರೆ ಪುಂಡರು ವಸೂಲಿ ಮಾಡುವ ಹಣ. ‘ಪರತಫೇಡ’ (ಮರುಪಾವತಿ), ‘ಥಕಬಾಕಿ’ (ಕಟ್ಟದೆ ಉಳಿದ ಬಾಕಿ), ‘ಹಮೀಪತ್ರ’ (ಮುಚ್ಚಳಿಕೆ) ಮೊದಲಾದವನ್ನು ಅರಿಯಲು ಮರಾಠಿಯ ಓದೇ ಬೇಕು. ‘ಘಟತ್ಯಾ ಶಿಲ್ಲಕ ರಕಮೇವರ ವ್ಯಾಜ’ ಎಂಬ ಪದಪುಂಜದಲ್ಲಿ ಶಿಲ್ಲಕನ್ನು ನಮ್ಮ ಶಿಲ್ಕಿನ ಮೂಲಕ ಗುರುತಿಸಿದರೂ, ಮೇಲೆ ತೋರಿಸಿದ ಒಂದೂಕಾಲು ಲಕ್ಷದ ವ್ಯತ್ಯಾಸ ಅಡಗಿರುವುದು ಆ ‘ಘಟತ್ಯಾ’ದಲ್ಲಿ, ಅಂದರೆ ‘ಇಳಿಯುವ’ ಎಂಬುದರಲ್ಲಿ, ಎಂದು ಹೊಳೆಯುವುದು ಕಷ್ಟ. ‘ಬೋಜಾ’ ಮಾತ್ರ ಉತ್ತರ ಕರ್ನಾಟಕಕ್ಕೂ ಅಪರಿಚಿತವಲ್ಲ. ಬ್ಯಾಂಕು ಭೂಮಿಯನ್ನೂ ಅಡವಿಟ್ಟುಕೊಂಡಾಗ ಸಾತಬಾರಾ ಉತಾರೆಯ ‘ಇತರ ಹಕ್ಕು’ ಅಂಕಣದಲ್ಲಿ ಅದು ದಾಖಲಾಗುತ್ತದೆ. ಸಾಲ ತೀರಿದ ಮೇಲೆ ತೆಗೆಸಲು ಮತ್ತೆ ಓಡಾಟ, ಮತ್ತೆ ಖರ್ಚು.

ಇತರ ಗಡಿಗಳಲ್ಲಿ ಪರಿಸ್ಥಿತಿ ಸ್ವಲ್ಪ ಬೇರೆ. ಮಡಕಶಿರ, ರಾಯದುರ್ಗ, ಆದವಾನಿಗಳ ತೆಲುಗಿನ ‘ವಡ್ಡಿ’ಯೂ ಹೊಸೂರು, ತಾಳವಾಡಿಗಳ ತಮಿಳಿನ ‘ವಟ್ಟಿ’ಯೂ ನಮ್ಮ ಬಡ್ಡಿಯ ಬಳಗದವೇ, ಅಸಲು ಮೂರು ಕಡೆಯೂ ಅಸಲೇ. ಅಲ್ಲಿ ಪದಕ್ಕಿಂತ ಲಿಪಿ ದೊಡ್ಡ ಅಡ್ಡಿ, ತಮಿಳಿನಲ್ಲಂತೂ ಹೆಚ್ಚು. ಕಾಸರಗೋಡು, ವಯನಾಡುಗಳ ಮಲಯಾಳದಲ್ಲಿ ಬಡ್ಡಿಗೆ ‘ಪಲಿಶ’ ಎಂಬ ಬೇರೆಯೇ ಪದ. ಆದರೆ ಭದ್ರತೆಗೆ ಬಳಸುವ ‘ಈಡ್’ ನಮ್ಮ ಈಡೇ. ಹೀಗೆ ಒಂದೊಂದು ಗಡಿಯಲ್ಲಿ ಅಪಾಯದ ಪದಗಳು ಬೇರೆಬೇರೆ. ಎಲ್ಲಕ್ಕೂ ಒಂದೇ ಪದಕೋಶ ಸಾಲದು.

ಖಾಲಿ ಬಿಟ್ಟ ಒಂದು ಗೆರೆ

ಸಾಲಪತ್ರಗಳ ಕೊನೆಯಲ್ಲಿ ಸಾಮಾನ್ಯವಾಗಿ ಒಂದು ಭಾಷಾ ಘೋಷಣೆ ಇರುತ್ತದೆ. ಮೇಲಿನ ಎಲ್ಲ ಅಂಶಗಳನ್ನು ಇಂಥ ಭಾಷೆಯಲ್ಲಿ ನನಗೆ ಓದಿ ಹೇಳಲಾಗಿದೆ, ನಾನು ಅರ್ಥಮಾಡಿಕೊಂಡಿದ್ದೇನೆ ಎಂಬುದು ಅದರ ಸಾರ. ಭಾಷೆಯ ಹೆಸರಿಗಾಗಿ ಒಂದು ಗೆರೆ ಖಾಲಿ ಇರುತ್ತದೆ. ರೈತ ಸಹಿ ಮಾಡುವಾಗ ಆ ಗೆರೆ ಖಾಲಿಯೇ ಉಳಿದು, ಆಮೇಲೆ ಕಚೇರಿಯಲ್ಲಿ ತುಂಬಿಕೊಳ್ಳುವ ಸಂಭವವಿದೆ. ಆಗ ಅದರಲ್ಲಿ ರಾಜ್ಯದ ಭಾಷೆಯ ಹೆಸರು ಬೀಳುವುದು ಸಹಜ.

ಈ ಗೆರೆ ಸಣ್ಣದಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 13ನೆಯ ಕಲಮಿನ ಪ್ರಕಾರ ಇಬ್ಬರು ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಅದು ಸಮ್ಮತಿ. ಭಾಷಾ ಘೋಷಣೆ ಆ ‘ಒಂದೇ ಅರ್ಥ’ಕ್ಕೆ ಪುರಾವೆಯಾಗಿ ನಿಲ್ಲುತ್ತದೆ. ಲಿಖಿತ ಕರಾರಿನ ಷರತ್ತುಗಳಿಗೆ ವಿರುದ್ಧವಾದ ಮೌಖಿಕ ಸಾಕ್ಷ್ಯವನ್ನು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ ಎಂಬುದು ಸಾಕ್ಷ್ಯ ಕಾನೂನಿನ ನಿಯಮ. ಮೋಸವೇ ಮೊದಲಾದ ಕೆಲವು ಅಪವಾದಗಳಿವೆ, ಆದರೆ ಸಿದ್ಧಪಡಿಸುವ ಹೊರೆ ಸಹಿ ಮಾಡಿದವನ ಮೇಲೆ. ಆದ್ದರಿಂದ ಅಂಗಡಿಯಲ್ಲಿ ಕನ್ನಡದಲ್ಲಿ ಕೊಟ್ಟ ಭರವಸೆಯನ್ನು ಮುಂದೊಂದು ದಿನ ನೆನಪಿಸುವುದಕ್ಕಿಂತ, ಸಹಿಯ ಮೊದಲು ಆ ಗೆರೆಯಲ್ಲಿ ‘ಕನ್ನಡ’ ಎಂದು ಬರೆಯಿಸಿ, ನಿಜವಾಗಿ ಕನ್ನಡದಲ್ಲಿ ಓದಿಸಿಕೊಳ್ಳುವುದು ಎಷ್ಟೋ ಬಲವಾದ ರಕ್ಷಣೆ.

ಶೇಕಡಾವಾರು ಬೇಡದ ಹಕ್ಕು

ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆ ಬಹುಮಟ್ಟಿಗೆ ರಾಜ್ಯವನ್ನು ಕೇಂದ್ರವಾಗಿಟ್ಟುಕೊಂಡಿದೆ. ಸಂವಿಧಾನದ 347, 350ಎ, 350ಬಿ ವಿಧಿಗಳು, ಜನಸಂಖ್ಯೆಯ ಶೇ. 15 ಇರುವಲ್ಲಿ ಮುಖ್ಯ ನಿಯಮ, ಪ್ರಕಟಣೆಗಳ ಅನುವಾದ ಎಂಬ ರಕ್ಷಣಾಕ್ರಮ ಇವೆಲ್ಲ ಸರ್ಕಾರ ಮತ್ತು ಸಮುದಾಯಗಳ ನಡುವಿನವು. ಸಮುದಾಯದ ಗಾತ್ರ, ಅಧಿಸೂಚನೆ, ಜನಗಣತಿ ಇವುಗಳ ಮೇಲೆ ಅವುಗಳ ಫಲ ನಿಂತಿದೆ. ಹಣಕಾಸು ಕಂಪನಿಯ ಮೇಜಿನ ಮುಂದೆ ಅವು ಅಷ್ಟಾಗಿ ನೆರವಿಗೆ ಬರುವುದಿಲ್ಲ.

ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 15ರಂದು ಹೊರಡಿಸಿದ ಸುತ್ತೋಲೆ ಬೇರೆ ಮಾನದಂಡವನ್ನು ಹಿಡಿದಿದೆ. 2024ರ ಅಕ್ಟೋಬರ್ 1ರಿಂದ ಮಂಜೂರಾದ ಚಿಲ್ಲರೆ ಸಾಲಗಳಿಗೆ ಮತ್ತು ಸಣ್ಣ ಉದ್ದಿಮೆಗಳ ಅವಧಿ ಸಾಲಗಳಿಗೆ ಬ್ಯಾಂಕುಗಳೂ ಬ್ಯಾಂಕೇತರ ಹಣಕಾಸು ಕಂಪನಿಗಳೂ ‘ಮುಖ್ಯ ಸಂಗತಿಗಳ ಹೇಳಿಕೆ’ಯನ್ನು ಕೊಡಬೇಕು. ಬಡ್ಡಿ ಮತ್ತು ಎಲ್ಲ ಶುಲ್ಕಗಳನ್ನು ಕೂಡಿಸಿದ ವಾರ್ಷಿಕ ಶೇಕಡಾವಾರು ದರ, ಅಂದರೆ ನಮ್ಮ ಉದಾಹರಣೆಯ 24.4ರಂಥ ಸಂಖ್ಯೆ, ಅದರಲ್ಲಿ ಕಾಣಬೇಕು. ವಿಮೆಯಂತೆ ಮೂರನೆಯವರ ಪರವಾಗಿ ವಸೂಲಿ ಮಾಡುವ ಮೊತ್ತವೂ ಆ ದರದೊಳಗೆ ಸೇರಬೇಕು, ಪ್ರತ್ಯೇಕವಾಗಿಯೂ ತೋರಬೇಕು. ಕಂತುವಾರು ಮರುಪಾವತಿಯ ಪಟ್ಟಿಯೂ ಇರಬೇಕು. ಹೇಳಿಕೆಯಲ್ಲಿ ನಮೂದಿಸದ ಯಾವ ಶುಲ್ಕವನ್ನೂ ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಸಾಲದ ಅವಧಿಯಲ್ಲಿ ಎಂದೂ ವಸೂಲಿ ಮಾಡುವಂತಿಲ್ಲ. ಏಳು ದಿನ ಅಥವಾ ಅದಕ್ಕಿಂತ ಹೆಚ್ಚು ಅವಧಿಯ ಸಾಲವಾದರೆ, ಹೇಳಿಕೆ ಕೊಟ್ಟ ಮೇಲೆ ಒಪ್ಪಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವಿರಬೇಕು.

ನಮಗೆ ಮುಖ್ಯವಾದುದು ಭಾಷೆಯ ಷರತ್ತು. ಈ ಹೇಳಿಕೆಯನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆಯಬೇಕು, ವಿವರಿಸಬೇಕು, ಅರ್ಥವಾಯಿತೆಂದು ಅವನಿಂದ ಸ್ವೀಕೃತಿ ಪಡೆಯಬೇಕು. ರಾಜ್ಯದ ಅಧಿಕೃತ ಭಾಷೆ ಎಂದು ಅಲ್ಲಿ ಹೇಳಿಲ್ಲ. ಜನಸಂಖ್ಯೆಯ ಪ್ರಮಾಣವನ್ನು ಕೇಳಿಲ್ಲ. ಮಾನದಂಡ ಒಬ್ಬ ವ್ಯಕ್ತಿಯ ತಿಳಿವಳಿಕೆ. ಊರಿನಲ್ಲಿ ಒಂದೇ ಕನ್ನಡ ಮನೆ ಇದ್ದರೂ ಆ ಮನೆಯ ಸಾಲಗಾರನಿಗೆ ಈ ಹಕ್ಕು ಪೂರ್ತಿಯಾಗಿ ಸಲ್ಲುತ್ತದೆ. ಭಾಷಾ ಹಕ್ಕನ್ನು ಸಮುದಾಯದ ಗಾತ್ರದಿಂದ ಬಿಡಿಸಿ ವ್ಯಕ್ತಿಯ ಅರಿವಿನ ಮೇಲೆ ನಿಲ್ಲಿಸಿದ ನಿಯಮ ಇದು. ನಮ್ಮ ವಿದ್ವತ್ ಚರ್ಚೆ ಇದನ್ನು ಗಂಭೀರವಾಗಿ ಪರಿಗಣಿಸಬೇಕು.

ಕನ್ನಡ ನಮೂನೆ ಇಲ್ಲ ಎಂಬ ಉತ್ತರವೂ ನಿಲ್ಲುವಂಥದಲ್ಲ. ಇದೇ ಷರತ್ತಿಗೆ ಒಳಪಟ್ಟು ಕರ್ನಾಟಕದಲ್ಲಿ ಸಾಲ ಕೊಡುವ ಸಂಸ್ಥೆಗೆ ಅಲ್ಲಿಯ ಶಾಖೆಗಳಿಗಾಗಿ ಕನ್ನಡ ನಮೂನೆ ಹೇಗೂ ಬೇಕೇ ಬೇಕು. ವಿಜಯಪುರದ ಶಾಖೆಯ ಕಾಗದ ಜತ್ತಿನ ಶಾಖೆಗೆ ಬರಲು ಹೊಸ ಅನುವಾದ ಬೇಕಿಲ್ಲ.

ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. 2023ರ ಆಗಸ್ಟ್ 18ರ ಸುತ್ತೋಲೆಯ ಪ್ರಕಾರ ಕಂತು ತಪ್ಪಿದ್ದಕ್ಕೆ ವಿಧಿಸುವುದು ‘ದಂಡ ಶುಲ್ಕ’ವಾಗಿರಬೇಕೇ ಹೊರತು ಬಡ್ಡಿದರಕ್ಕೆ ಕೂಡಿಸಿದ ‘ದಂಡ ಬಡ್ಡಿ’ಯಾಗಿರಬಾರದು, ಆ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಣಿಸುವಂತಿಲ್ಲ. ಹಳೆಯ ನಮೂನೆಯ ‘ದಂಡವ್ಯಾಜ’ ಎಂಬ ಪದ ಹೊಸ ಸಾಲಪತ್ರದಲ್ಲಿ ಕಂಡರೆ ಅದನ್ನು ಪ್ರಶ್ನಿಸಲು ಕಾರಣವಿದೆ.

ನಿಯಮಕ್ಕೆ ಮಿತಿಯೂ ಇದೆ. ಅದು ಸಾಲ ಕೊಡುವ ಸಂಸ್ಥೆಯನ್ನು ಕಟ್ಟುತ್ತದೆ, ಡೀಲರನನ್ನು ನೇರವಾಗಿ ಕಟ್ಟುವುದಿಲ್ಲ. ‘ಹ್ಯಾಂಡ್ಲಿಂಗ್’, ರಸೀದಿಯಿಲ್ಲದ ‘ಫೈಲ್ ಚಾರ್ಜ್’, ಉಬ್ಬಿಸಿದ ನೋಂದಣಿ ಖರ್ಚು ಇವುಗಳಿಗೆ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡವನು ಆ ಕಾಯ್ದೆಯಡಿ ಗ್ರಾಹಕನೇ. ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಸಾಲ ಸಂಸ್ಥೆಯ ವಿರುದ್ಧವಾದರೆ ಮೊದಲು ಆ ಸಂಸ್ಥೆಗೇ ಲಿಖಿತ ದೂರು. ಮೂವತ್ತು ದಿನಗಳಲ್ಲಿ ತೃಪ್ತಿಕರ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್.

ನಾವು ಮಾಡಬಹುದಾದದ್ದು

ದ್ವಿಭಾಷಿಕ ವಿದ್ವಾಂಸರಿಗೆ ಇಲ್ಲಿ ಕೈಗೆಟುಕುವ ಕೆಲಸವಿದೆ. ಒಂದೊಂದು ಗಡಿಗೂ ಪ್ರತ್ಯೇಕವಾದ, ಎರಡು ಪುಟ ಮೀರದ ಸಾಲಪದಕೋಶವನ್ನು ಸಿದ್ಧಪಡಿಸಬಹುದು: ಅಲ್ಲಿಯ ಕರಾರುಪತ್ರಗಳ ಪದ, ಅದರ ಕನ್ನಡ ಅರ್ಥ, ಅದು ಸಾಲಗಾರನಿಂದ ಏನನ್ನು ಪಡೆಯುತ್ತದೆ ಎಂಬ ಒಂದು ವಾಕ್ಯ. ಊರ ರೈತರು ತಂದು ತೋರಿಸುವ ಸಾಲಪತ್ರಗಳಲ್ಲಿ ಭಾಷಾ ಘೋಷಣೆಯ ಗೆರೆಯಲ್ಲಿ ಏನು ಬರೆದಿದೆ ಎಂದು ದಾಖಲಿಸಬಹುದು. ಗಡಿನಾಡಿನಲ್ಲಿ ಕನ್ನಡ ಎಲ್ಲಿಯವರೆಗೆ ಮಾತು, ಎಲ್ಲಿಂದ ಕಾಗದವಲ್ಲ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ವಿರಳ.

ಸಾಲಗಾರನಿಗೆ ಹೇಳಬೇಕಾದದ್ದು ಮೂರೇ ಮಾತು. ಶೇಕಡಾ ಎಷ್ಟು ಎಂದು ಕೇಳಬೇಡಿ, ಎಲ್ಲ ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಎಂದು ಕೇಳಿ. ಆ ಉತ್ತರವನ್ನು ಕನ್ನಡದ ಕಾಗದದಲ್ಲಿ ಕೇಳಿ. ಕಾಗದ ಬರುವವರೆಗೆ ಸಹಿ ಮಾಡಬೇಡಿ; ಮೂರು ದಿನ ಕಾಯುವ ಹಕ್ಕು ನಿಮ್ಮದು.